ಗಡಿಯಾರ ಹಿಡಿಯೂ ಹುದ್ದೆ

ನಾನು ಭಾಷಣಾ ಮಾಡೂ ಸಂಘದ ಮೆಂಬರ್ ಆಗೇನಿ ಅನ್ನೂದು ನನಗ ಗೊತ್ತಾಗಿದ್ದು ರೊಟ್ಟಿ ಬಡಿಯೂ ಹೊತ್ತಿನ್ಯಾಗ. ಕೈ ತುಂಬ ಹಿಟ್ಟು, ಹಂಚಿನ ಮ್ಯಾಲ ಒಂದು ರೊಟ್ಟಿ. ನಮ್ಮ ಅತ್ತಿ ಬಂದು ಬಾಗಲಕ್ಕ ಆತು ನಿಂತು, "ಬರೂ ಐತವಾರ ಚಿಕ್ಕೋಡಿಗೆ ಹೋಗೂದೈತಂತ ನೋಡು. ನಿನ್ನ ಹೆಸರು ಬರಸ್ಯಾರಂತ" ಅಂದ್ರು. ಎದಕ್ಕ ಬರಸ್ಯಾರ, ರೇಶನ್ ಕಾರ್ಡಿಗೇನು ಅಂತ ಕೇಳಿದೆ. "ಅಲ್ಲವಾ, ಭಾಷಣಾ ಮಾಡೂ ಸಂಘಕ್ಕ" ಅಂದ್ರು. ನಾ ತೆಗೆದ ಬಾಯಿ ಮುಚ್ಚಲಿಲ್ಲ, ರೊಟ್ಟಿ ಅಲ್ಲೇ ಹಂಚಿನ ಮ್ಯಾಲ ಕರ್ರಗಾತು.

ಭಾಷಣಾ! ನಾನು! ಅಯ್ಯ ಯವ್ವಾ, ನಗಬೇಕೋ ಅಳಬೇಕೋ ತಿಳೀಲಿಲ್ಲ. ನಮ್ಮದು ಕರೋಶಿ, ಊರ ಹೊರಗ ಕಬ್ಬಿನ ಹೊಲದಾಗ ಮನಿ. ಮಾವ ಅಂಗಳದಾಗ ಕೆಮ್ಮಿದ್ರ ಸಾಕು, ಸೆರಗು ತಲಿ ಮ್ಯಾಲ ಬರತೈತಿ, ಬಾಯಿ ತಾನ ಮುಚ್ಚತೈತಿ. ಯಾರೂ ಬೈದು ಕಲಿಸಿದ್ದಲ್ಲ ಇದು. ಮದಿವ್ಯಾಗಿ ಬಂದಾಗಿಂದ ಹಂಗ, ನನ್ನ ತವರು ರಾಯಬಾಗ ಕಡೆ, ಅಲ್ಲಿ ನಮ್ಮವ್ವನೂ ಹಂಗ. ಮಾವಗ ಏನರೆ ಹೇಳೂದಿದ್ರ ಅತ್ತಿಗೆ ಹೇಳೂದು, ಅತ್ತಿ ಅವರಿಗೆ ಹೇಳೂದು. ಅತ್ತಿ ಊರಿಗೆ ಹೋಗಿದ್ರ ಮಗಳಿಗೆ, "ಅಜ್ಜಗ ಊಟಕ್ಕ ಏಳಂತ ಹೇಳು" ಅನ್ನೂದು. ಮಗಳೂ ಸಾಲಿಗೆ ಹೋಗಿದ್ರ ತಾಟು ಸಪ್ಪಳಾಗೂ ಹಂಗ ಇಟ್ಟು ಒಳಗ ಬರೂದು. ಹಂಗಂತ ನಾ ಮೂಕಿ ಅಲ್ಲ. ಮಾವ ಹೊಲಕ್ಕ ಹೋದ್ರಂದ್ರ ನನ್ನ ಬಾಯಿಗೆ ಆ ಮನ್ಯಾಗ ಯಾರೂ ಎದುರ ನಿಲ್ಲೂದಿಲ್ಲ, ನಮ್ಮ ಯಜಮಾನ್ರನ್ನ ಕೇಳ್ರಿ ಬೇಕಾದ್ರ.

ಹೆಸರು ಬರಸಿದವರು ಮಾವನೇ. ಆಗಿದ್ದೇನಂದ್ರ, ಚಿಕ್ಕೋಡಿ ಕಾಲೇಜಿನಾಗ ಹೊಸದಾಗಿ ಬಂದ ಒಬ್ಬ ಸರ್ ಇದ್ರು. ಅವರು ಯಾವುದೋ ದೊಡ್ಡ ಊರಾಗ ಇಂಥಾ ಸಂಘ ನೋಡಿ ಬಂದಿದ್ರು. ಮಂದಿ ವಾರಕ್ಕೊಮ್ಮೆ ಕೂಡೂದು, ಒಬ್ಬೊಬ್ಬರಾಗಿ ಎದ್ದು ಮಾತಾಡೂದು, ಉಳಿದವರು ತಪ್ಪು ಒಪ್ಪು ಹೇಳೂದು. ಅದನ್ನ ಚಿಕ್ಕೋಡಿಯೊಳಗೂ ಮಾಡೂನು, ಆದ್ರ ಇಪ್ಪತ್ತು ಮಂದಿ ಬೇಕು, ಅದ್ರಾಗ ಹೆಣ್ಮಕ್ಕಳೂ ಇರಬೇಕು ಅಂತ ಸರ್ ಹಿರ್ಯಾರ ಕಡೆ ಬಂದ್ರು. ನಮ್ಮ ಕಡೆ ಹಾಲಿನ ಸಂಘ ಇರಲಿ, ಪತ್ತಿನ ಸಂಘ ಇರಲಿ, ಸುರು ಮಾಡೂ ರೀತಿ ಒಂದ. ನಾಕ ಮಂದಿ ಹಿರ್ಯಾರು ಕುಂತು ಚಹಾ ಕುಡಕೋತ ತಮ್ಮ ತಮ್ಮ ಮನ್ಯಾಗಿನ ಹೆಸರೆಲ್ಲಾ ಬರಸಿಬಿಡೂದು. ಮಾವ ಊರಾಗ ಹಾಲಿನ ಡೇರಿ ಕಟ್ಟಿದ್ದೂ ಹಂಗ. ಈ ಸಲಾನೂ ತಮ್ಮದು, ಮಗಂದು, ಸೊಸಿದು, ತಮ್ಮಂದಿರದು, ಬೀಗರದು ಅಂತ ಅರ್ಧ ಸಂಘ ನಮ್ಮ ಮನಿತನದಾಗಿಂದನ ತುಂಬಿಸಿ ಬಂದಿದ್ರು. ನನ್ನ ಕೇಳೂದು ಯಾರಿಗೂ ಹೊಳೀಲೂ ಇಲ್ಲ.

ಮಾವ ಎಂಥಾ ಭಾಷಣಗಾರ ಅನ್ನೂದು ಹೇಳದಿದ್ರ ನಿಮಗ ಮುಂದಿಂದು ತಿಳಿಯೂದಿಲ್ಲ. ಯಾರದರೆ ಸತ್ಕಾರ ಇರಲಿ, ಯಾರರೆ ತೀರಿಕೊಂಡಿರಲಿ, ಸಾಲಿ ಕಟ್ಟಡಕ್ಕ ಪೂಜಿ ಇರಲಿ, ಮಾವಗ ಕರಿ ಬರತೈತಿ. ಈ ಕಡೆ ನಿಪ್ಪಾಣಿ, ಆ ಕಡೆ ಉಗಾರ ಖುರ್ದದ ತನಕ ಹೋಗಿ ಮಾತಾಡಿ ಬಂದಾರ. ಕನ್ನಡದಾಗ ಸುರು ಮಾಡಿ, ನಡುವ ಮರಾಠಿಯೊಳಗ ಒಂದು ನಗೆಮಾತು ಹೇಳಿ, ಮತ್ತ ಕನ್ನಡಕ್ಕ ಬಂದು ಮುಗಸ್ತಾರ. ಮುಗಸ್ತಾರ ಅಂದೆ ನೋಡ್ರಿ, ಅದೊಂದು ತಪ್ಪ ಮಾತು. ಅವರು ಮುಗಸೂದ ಇಲ್ಲ. ನಮ್ಮ ಟ್ರಂಕಿನ್ಯಾಗ ಅವರಿಗೆ ಹಾಕಿದ ಶಾಲು ಎಷ್ಟು ಬಿದ್ದಾವಂದ್ರ ಚಳಿಗಾಲದಾಗ ಹಾಸಿಗಿ ಹಾಸಾಕ ಬರತಾವ.

ಮೊದಲನೇ ಸಭಾ ಒಂದು ಪತ್ತಿನ ಸಂಘದ ಮಾಳಿಗಿ ಮ್ಯಾಲಿನ ಮೀಟಿಂಗ್ ಹಾಲಿನಾಗ. ಅವತ್ತು ನಡದಿದ್ದು ಬರೇ ಹುದ್ದೆ ಹಂಚೂದು. ನಮ್ಮ ಕಡೆ ಹುದ್ದೆ ಅಂದ್ರ ಏನು? ಹಾರ, ಶಾಲು, ಫೋಟೋ. ಎಲ್ಲಾ ಬಿನವಿರೋಧ ಆಗಬೇಕು, ಯಾರ ಮನಸ್ಸಿಗೂ ನೋವಾಗಬಾರದು. ಸರ್‌ನ್ನ ಅಧ್ಯಕ್ಷ ಮಾಡಿದ್ರು. ಗೊಬ್ಬರದ ಅಂಗಡಿಯವರಿಗೆ ಕಾರ್ಯದರ್ಶಿ. ಬಂಗಾರದ ಅಂಗಡಿಯವರು ಹೆಸರು ಭಾರಿ ಐತಂತ ಸಭಾ ವ್ಯವಸ್ಥಾಪಕ ಅನ್ನೂದನ್ನ ತಾವ ಕೇಳಿ ಇಸ್ಕೊಂಡ್ರು. ಮಾವ, "ನನಗ್ಯಾಕ್ರಿ ಹುದ್ದೆ, ನಾ ಸೇವಾ ಮಾಡಾಕ ಬಂದಾಂವ" ಅಂದ್ರು. ಹಂಗಂದದ್ದಕ್ಕ ಗೌರವ ಸಲಹೆಗಾರ ಅಂತ ಒಂದು ಹೊಸಾ ಹುದ್ದೆ ಹುಟ್ಟಿಸಿ ಎಲ್ಲಾರಕಿಂತ ದೊಡ್ಡ ಹಾರ ಅವರಿಗೇ ಹಾಕಿದ್ರು. ಕಡೀಕ ಒಂದು ಉಳೀತು, ಸಮಯಪಾಲಕ. ಗಡಿಯಾರ ಹಿಡಕೊಂಡು ಕುಂಡರೂದು. ಯಾರಿಗೂ ಬೇಡಾತು. ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಾಕತ್ತಿದಾಗ ಮಾವ ಅಂದ್ರು, "ಅದನ್ನ ನಮ್ಮ ಸೊಸಿಗೆ ಕೊಟ್ಟಬಿಡ್ರಿ. ಅದ್ರಾಗ ಮಾತಾಡೂದೇನೂ ಇಲ್ಲ."

ಬರೋಬರ್ ಐತಿ ಅಂತ ಎಲ್ಲಾರೂ ಚಪ್ಪಾಳಿ ಹೊಡದ್ರು. ನನಗೂ ಜೀವ ಬಂದಂಗಾತು, ಖರೇನ ಹೇಳ್ತೇನಿ. ಎದ್ದು ಮಾತಾಡೂದು ತಪ್ಪಿತಲ್ಲಾ, ಗಡಿಯಾರ ಹಿಡಿಯೂದು ಏನ್ ಮಹಾ ಅಂದ್ಕೊಂಡೆ.

ಎರಡನೇ ಸಭಾದಾಗ ಸರ್ ಒಂದು ಸಣ್ಣ ಪುಸ್ತಕ ತಂದು ಯಾವ ಹುದ್ದೆಗೆ ಏನು ಜಬಾಬ್ದಾರಿ ಅನ್ನೂದು ಓದಾಕತ್ತಿದ್ರು. ಆಗ ನೋಡಬೇಕಿತ್ರಿ ಒಬ್ಬೊಬ್ಬರ ಮಾರಿ. ಅಧ್ಯಕ್ಷ ಎಲ್ಲಾರಿಗೂ ಮಾತಾಡಾಕ ಅವಕಾಶ ಮಾಡಿಕೊಡಬೇಕು, ತಾನು ಕಡಿಮಿ ಮಾತಾಡಬೇಕು. ಕಾರ್ಯದರ್ಶಿ ಪ್ರತಿ ಸಭಾದಾಗ ಏನೇನಾತು ಅನ್ನೂದನ್ನ ಬರದಿಡಬೇಕು. ಗೊಬ್ಬರದ ಅಂಗಡಿಯವರು ಹೌಹಾರಿ, "ನಾನs ಬರೀಬೇಕ್ರಿ? ನಮ್ಮ ಅಂಗಡಿ ಗುಮಾಸ್ತ ಬರದ್ರ ನಡಿಯೂದಿಲ್ಲೇನ್ರಿ?" ಅಂದ್ರು. ಸಭಾ ವ್ಯವಸ್ಥಾಪಕ ಎಲ್ಲಾರಕಿಂತ ಮೊದಲ ಬಂದು ಖುರ್ಚಿ ಹಾಕಬೇಕು, ಮೈಕು ನೋಡಬೇಕು, ಭಾಷಣಾ ನಡದಾಗ ಬಾಗಲದಾಗ ನಿಂತು ಯಾರನ್ನೂ ಒಳಗ ಬಿಡಬಾರದು, ಎಲ್ಲಾರೂ ಹೋದ ಮ್ಯಾಲ ಖುರ್ಚಿ ತೆಗದಿಡಬೇಕು. ಬಂಗಾರದ ಅಂಗಡಿಯವರ ಮಾರಿ ಇಷ್ಟ ಸಣ್ಣದಾತು. ಐದ ಬೆರಳಿಗೂ ಉಂಗುರ ಹಾಕ್ಕೊಂಡ ಮನಶ್ಯಾ, ಖುರ್ಚಿ ಹೊರೂದು! ಸೆರಗು ಬಾಯಿಗೆ ಹಿಡಕೊಂಡು ನಗೂದು ತಡದು ತಡದು ನನ್ನ ಹೊಟ್ಟಿ ನೋವಾತು.

ನನ್ನ ಪಾಳಿ ಬಂದಾಗ ನಗಿ ಹೋತು. ಸಮಯಪಾಲಕರು ಹಸರ, ಹಳದಿ, ಕೆಂಪು ಪಟ್ಟಿ ತೋರಸಬೇಕು. ಹಸರ ತೋರಿಸಿದ್ರ ಕಡಿಮಿ ಅಂದ್ರ ಇಷ್ಟ ಮಾತಾಡಲೇಬೇಕಂತ, ಹಳದಿ ತೋರಿಸಿದ್ರ ಮುಗಸಾಕ ತಯಾರಾಗಂತ, ಕೆಂಪು ತೋರಿಸಿದ್ರ ಅರ್ಧ ನಿಮಿಷದಾಗ ಮುಗಸಂತ. ಬ್ಯಾರೆ ದಿನ ಯಾರು ಎಷ್ಟ ಹೊತ್ತು ಮಾತಾಡಿದ್ರು ಅಂತ ಚೀಟಿ ಬರದು ಅಧ್ಯಕ್ಷರ ಕೈಗೆ ಕೊಟ್ರ ನಡೀತೈತಿ, ಅವರು ಓದ್ತಾರ. ಆದ್ರ ಸ್ಪರ್ಧಾ ಇದ್ದ ದಿನ ಸಮಯಪಾಲಕರು ತಾವ ಎದ್ದು ನಿಂತು, ಎಲ್ಲಾರ ಮುಂದ, ಬಾಯಿಬಿಟ್ಟು ಹೇಳಬೇಕು. ಸಮಯ ಮೀರಿದವರು ಯಾರ ಇರಲಿ, ಸ್ಪರ್ಧಾದಿಂದ ಹೊರಗ. ಇದನ್ನ ಸರ್ ಓದೂ ಮುಂದ ಮಾವ ಮೊಬೈಲಿನ್ಯಾಗ ಯಾರದೋ ಮದಿವಿ ಪತ್ರ ನೋಡಾಕತ್ತಿದ್ರು, ಉಳಿದವರು ಚುರುಮುರಿ ತಿನ್ನಾಕತ್ತಿದ್ರು. ಕೇಳಿಸ್ಕೊಂಡಾಕಿ ನಾನೊಬ್ಬಾಕಿನ.

ನನ್ನ ಬಾಜೂ ಕುಂತಿದ್ದ ಹೆಣ್ಮಗಳು ನಿಪ್ಪಾಣಿಯಿಂದ ಬಸ್ಸಿಗೆ ಬರತಿದ್ಲು. ಅಲ್ಲಿ ಹುಡಗ್ಯಾರಿಗೆ ಹೊಲಿಗಿ ಕಲಸ್ತಾಳ. ಎಲ್ಲಾರೂ ಅಕ್ಕಾ ಅನ್ನೂ ಹಂಗ ಆಪಾ ಅಂತಿದ್ರು, ನಾನೂ ಹಂಗ ಅನ್ನಾಕ ಹತ್ತಿದೆ. ಆಪಾಗ ಮಾತು ತಡೀತೈತಿ. ಸಣ್ಣಾಕಿದ್ದಾಗಿಂದ. ಒಂದೊಂದು ಅಕ್ಷರ ಗಂಟಲದಾಗ ಸಿಕ್ಕೊಂಡು ಬಿಡತೈತಿ, ಕಣ್ಣು ಮುಚ್ಚಿ, ಗದ್ದ ಮ್ಯಾಲೆತ್ತಿ, ಹೊರಗ ತರಬೇಕು ಅಕಿ. ಇಂಥಾಕಿ ತಾನಾಗಿ ಕೇಳಿ ಇಸ್ಕೊಂಡ ಹುದ್ದೆ ಯಾವುದು ಅಂತೀರಿ? ಸದಸ್ಯತ್ವದ್ದು. ಬಾಗಲದಾಗ ನಿಂತು ಹೊಸಾದಾಗಿ ಬಂದವರಿಗೆಲ್ಲಾ ನಮಸ್ಕಾರ ಬರ್ರಿ ಅನ್ನೂ ಕೆಲಸ! ಕೇಳಿ ನನಗ ತಲಿ ಗಿರ್ ಅಂತು. ಯಾಕ ಆಪಾ, ಸಾಯೂ ಕೆಲಸ ಅಲ್ಲೇನ ಇದು ಅಂದೆ. ಅಕಿ ನಕ್ಕು, "ಅದ… ಅದಕ್ಕ ಇಸ್ಕೊಂಡೇನಿ" ಅಂದ್ಲು.

ಆಮ್ಯಾಲ ಒಂದು ದಿನ ಮನಸ್ಸಿನ ಮಾತು ಹೇಳಿದ್ಲು. ಹುಟ್ಟಿದಾಗಿಂದ ಅಕಿ ಸುರು ಮಾಡಿದ ಮಾತನ್ನ ಮಂದಿನ ಮುಗಸ್ತಾರಂತ. ಅಂಗಡಿಯಾಗ "ಬಿ…" ಅಂದ್ರ ಬಿಳೇ ದಾರ ಏನು ಅಂತ ಅಂಗಡಿಯಾಂವ, ಮನ್ಯಾಗ ಗಂಡ, ಕ್ಲಾಸಿನ್ಯಾಗ ಹುಡಗ್ಯಾರು. ಪಾಪ, ಎಲ್ಲಾರೂ ಒಳ್ಳೇದಕ್ಕ ಮಾಡ್ತಾರ. ಆದ್ರ ಅಕಿಗೆ ಬಿಳೇ ದಾರ ಬೇಡಾಗಿರತೈತಿ, ಬಿಡಿ ಗುಂಡಿ ಬೇಕಾಗಿರತೈತಿ. ವರ್ಷದ ಸ್ಪರ್ಧಾದಾಗ ಗೆದ್ದವರು ಬೆಳಗಾವಿಗೆ ಹೋಗಿ ದೊಡ್ಡ ಹಾಲಿನಾಗ ಮಾತಾಡ್ತಾರಂತ ಸರ್ ಹೇಳಿದ್ರಲ್ಲಾ, ಅಲ್ಲಿ ಒಮ್ಮೆ ನಿಂತು, ಯಾರೂ ನಡುವ ಬಾಯಿ ಹಾಕದಂಗ, ತನ್ನ ಮಾತು ತಾನ ಮುಗಸಬೇಕು ಅಂತ ಅಕಿಗೆ. ಅಷ್ಟ. ಅದರಕಿಂತ ಹೆಚ್ಚಿಂದು ಏನೂ ಬ್ಯಾಡಂದ್ಲು.

ಅವತ್ತಿನಿಂದ ದಿನಾ ಮಧ್ಯಾಹ್ನ, ಮಾವ ಹೊಲಕ್ಕ ಹೋದ ಮ್ಯಾಲ, ನಮ್ಮಿಬ್ಬರದು ಫೋನಿನ್ಯಾಗ ತಯಾರಿ. ಅಕಿ ಮಾತಾಡೂದು, ನಾ ಗಡಿಯಾರ ನೋಡೂದು. ಏಳು ನಿಮಿಷದಾಗ ಮುಗೀಬೇಕು. ಅಕಿ ವಿಷಯ ಅಳತಿ. ಜನ್ರ ಮೈ ಅಳತಿ ತಗೋಳೂ ಮುಂದ ಯಾರೂ ಮಾತಾಡಂತ ಅನ್ನೂದಿಲ್ಲ, ಅದಕ್ಕ ತಾ ಹೊಲಿಗಿಗೆ ಬಂದೆ ಅಂತ ಸುರು ಮಾಡ್ತಿದ್ಲು. ಕಡೀಕ ಅವರವ್ವನ ಕತಿ, ಬರೇ ಕಣ್ಣಿಲೆ ನೋಡಿ ಮಗಳಿಗೆ ಪರಕಾರ ಲಂಗ ಹೊಲಿತಿದ್ದ ಅವ್ವ. ಕೇಳಿದ್ರ ಕಣ್ಣಾಗ ನೀರ ಬರೂ ಅಂಥಾದ್ದು. ಆದ್ರ ಮಾತು ತಡದು ತಡದು ಹೊತ್ತು ಮೀರಾಕ ಹತ್ತಿತು. ಅಲ್ಲೊಂದು ಮಾತು ಕತ್ತರಿಸಿದ್ಲು, ಇಲ್ಲೊಂದು ಕತ್ತರಿಸಿದ್ಲು, ಚಂದ ಚಂದ ಮಾತೆಲ್ಲಾ ಕತ್ತರಿಸಿ ಒಗದ್ಲು. ನನಗ ಸಂಕಟ ಆಗೂದು. ಒಂದರ್ಧ ನಿಮಿಷ ಹೆಚ್ಚಾದ್ರ ಏನಾತು, ನಿನ್ನ ಕಷ್ಟ ನೋಡಿ ಬಿಡ್ತಾರ ತಗೋ ಅಂದ್ರ, "ಬಿಡಬಾರದು" ಅಂದ್ಲು. ಆ ಮಾತು ಮಾತ್ರ ಎಲ್ಲೂ ತಡೀಲಿಲ್ಲ ನೋಡ್ರಿ.

ಸ್ಪರ್ಧಾಕ್ಕ ಮೂರು ಮಂದಿ ಹೆಸರು ಕೊಟ್ರು. ಅಥಣಿ ಕಡಿಂದ ಬರತಿದ್ದ ಒಬ್ಬ ಸಾಲಿ ಮಾಸ್ತರು, ಆಪಾ, ಮೂರನೇದವರು ನಮ್ಮ ಮಾವ. ಅವರಿಗೆ ಬೆಳಗಾವಿ ಯಾಕ ಬೇಕಿತ್ತು? ಅಲ್ಲೀನೂ ಒಂದು ಶಾಲು ಬರತೈತಿ, ಅಷ್ಟ. ರಾತ್ರಿ ಊಟಕ್ಕ ಕುಂತಾಗ ಅತ್ತಿ ಮುಂದ, "ಆ ಹೊಲಿಗಿ ಹೆಣ್ಮಗಳು ಪಾಪ ತೊದಲ್ತಾಳ. ಮಾಸ್ತರ್ದು ಬರೇ ಪುಸ್ತಕದ ಮಾತು. ನಮ್ಮದ ಆಗತೈತಿ ತಗೋ" ಅನ್ನಾಕತ್ತಿದ್ರು. ಒಳಗ ನಿಂತು ನಾ ಹಲ್ಲು ಕಡದೆ. ನನ್ನ ಸಿಟ್ಟು ಭಾಳ ಕೆಟ್ಟದೈತಿ, ಆದ್ರ ಅದು ಅಡಗಿ ಮನಿ ಹೊಸ್ತಲಾ ದಾಟಿದ್ದಿಲ್ಲ.

ಸ್ಪರ್ಧಾದ ದಿನ ಹಾಲ್ ತುಂಬಿತ್ತು. ಕಾಗವಾಡ, ರಾಯಬಾಗ ಕಡಿಂದೆಲ್ಲಾ ಮಂದಿ ಬಂದಿದ್ರು, ತೀರ್ಪು ಕೊಡಾಕ ಹೊರಗಿನವರು ಮೂರು ಮಂದಿ. ಬಂಗಾರದ ಅಂಗಡಿಯವರು ಬೆವರು ಸುರಿಸಿಕೋತ ಖುರ್ಚಿ ಹಾಕಿದ್ರು, ಆ ಮನಶ್ಯಾ ಕಡೀಕೂ ತನ್ನ ಕೆಲಸ ಬಿಡಲಿಲ್ಲ, ಅದಕ್ಕ ಮೆಚ್ಚಬೇಕು. ನಾ ಮುಂದ ಒಂದು ಸಣ್ಣ ಟೇಬಲ್ಲಿಗೆ ಕುಂತೆ. ಒಂದು ಕೈಯಾಗ ಗಡಿಯಾರ, ಒಂದು ಕೈಯಾಗ ಪಟ್ಟಿ. ಮಾಸ್ತರು ಮೊದಲ ಮಾತಾಡಿದ್ರು, ಹೊತ್ತಿನೊಳಗ ಮುಗಿಸಿದ್ರು. ಏನು ಮಾತಾಡಿದ್ರಂತ ಈಗ ನನಗ ನೆನಪಿಲ್ಲ.

ಆಪಾ ಎದ್ಲು. ಸುರುವಾತಿಗೆ ಛಲೋ ಹೋತು. ನಡುವ "ಬ…" ಅನ್ನೂದೊಂದು ಸಿಕ್ಕೊಂತು. ಮುಂದಿನ ಸಾಲಿನ್ಯಾಗಿನ ಒಬ್ಬ ಅಜ್ಜ, "ಬ್ಲೌಜೇನವಾ?" ಅಂದ. ಆಪಾ ಅಂವಗ ಕೈ ತೋರಿಸಿ ತಡದ್ಲು. ಕಣ್ಣು ಮುಚ್ಚಿದ್ಲು. ಇಡೀ ಹಾಲ್ ಉಸರು ಬಿಗಿ ಹಿಡದು ಕುಂತಿತ್ತು, ನನ್ನ ಕೈಯಾಗ ಗಡಿಯಾರ ಓಡಾಕತ್ತಿತ್ತು, ಅದರ ಕುತಗಿ ಹಿಚಕಬೇಕು ಅನಸ್ತು ನನಗ. ಕಡೀಕ, "ಬಗಲ" ಅಂದ್ಲು. ಬಗಲಿನ ಅಳತಿ. ಹೇಳಿ ಮುಂದ ಹೋದ್ಲು. ಆದ್ರ ಹೊತ್ತು ಹೋಗಿತ್ತು. ಅವ್ವನ ಕತಿ ಇನ್ನೇನು ಸುರು ಮಾಡಬೇಕು, "ನಮ್ಮವ್ವ" ಅಂತ ಒಂದು ಮಾತು ಅಂದಿದ್ಲು, ನಾ ಕೆಂಪು ಪಟ್ಟಿ ಎತ್ತಬೇಕಾತು. ಎತ್ತಿದೆ. ನನ್ನ ಕೈನ ಎತ್ತಿತು. ಅಕಿ ಪಟ್ಟಿ ನೋಡಿದ್ಲು, ನನ್ನ ನೋಡಿದ್ಲು. "ನಮ್ಮವ್ವನ ಮಾತು ಇನ್ನೊಮ್ಮೆ. ನ… ನಮಸ್ಕಾರ" ಅಂದು ಬಂದು ಕುಂತಬಿಟ್ಲು. ಅಷ್ಟು ದಿನ ತಿದ್ದಿ ತೀಡಿದ ಮಾತು ಹಂಗ ನುಂಗಿ ಕುಂತ್ಲು. ನಾ ತಲಿ ಎತ್ತಲಿಲ್ಲ.

ಹಿರ್ಯಾರು ಅಂತ ಮಾವನ್ನ ಕಡೀಕ ಇಟ್ಟಿದ್ರು. ಡೇರಿ ಕಟ್ಟಿದ ಕತಿ ತೆಗದ್ರು. ಸುಳ್ಳ ಯಾಕ ಹೇಳಲಿ, ಅಗದೀ ಛಲೋ ಮಾತಾಡಿದ್ರು. ಮೊದಲನೇ ದಿನ ಊರ ಮಂದಿ ಹಾಲಿಗೆ ನೀರು ಬೆರಸಿ ತಂದಿದ್ದು, ತಾವು ಏನೂ ಅನ್ನದ ಅದ ಹಾಲಿನ ಚಹಾ ಮಾಡಿ ಅವರಿಗೇ ಕುಡಿಸಿದ್ದು, ಮಂದಿ ಬಿದ್ದು ಬಿದ್ದು ನಕ್ಕರು. ಹಳದಿ ತೋರಿಸಿದೆ, ನೋಡಲಿಲ್ಲ. ಕೆಂಪು ಎತ್ತಿದೆ. ಮಾವ ನೋಡಿದ್ರು. ನೋಡಿ, "ಎರಡ ಮಾತ ಹೇಳಿ ಮುಗಸ್ತೇನಿ" ಅಂದ್ರು. ಮಾವನ ಎರಡ ಮಾತು ಅಂದ್ರ ಏನಂತ ನಮ್ಮ ಮನ್ಯಾಗಿನವರಿಗೆ ಗೊತ್ತು.

ಅವರು ಡೇರಿ ಬಿಟ್ಟು ರಸ್ತೆ ಕತಿಗೆ ಹೊಂಟ್ರು. ನಾ ಕೆಂಪು ಪಟ್ಟಿ ಇಳಸಲಿಲ್ಲ. ಇಳಸೂ ಹಂಗಿಲ್ಲ, ಮಾತು ಮುಗಿಯೂ ತನಕ ಮ್ಯಾಲ ಹಿಡೀಬೇಕು ಅಂತ ಐತಿ. ಮಾತಾಡಕೋತ ಮಾತಾಡಕೋತ ಮಾವ ನನ್ನ ಕಡೆ ಎರಡು ಬೆರಳು ಝಾಡಿಸಿದ್ರು, ಊಟ ಆದ ಮ್ಯಾಲ ತಾಟು ತೆಗಿ ಅಂತ ಮನ್ಯಾಗ ಮಾಡ್ತಾರಲ್ಲಾ, ಹಂಗ. ನನ್ನ ಕೈ ಕೆಳಗ ಬರಲಿಲ್ಲ. ಆಗ ತಲಿ ಮ್ಯಾಲಿನ ಸೆರಗು ಸರದು ಹೆಗಲಿಗೆ ಬಿತ್ತು. ಒಂದು ಕೈಯಾಗ ಪಟ್ಟಿ, ಒಂದು ಕೈಯಾಗ ಗಡಿಯಾರ, ಎದರಲೆ ಎಳಕೊಳ್ಳಲಿ? ಮಾವನ ಮುಂದ ಬರೇ ತಲಿಲೆ ಕುಂತೆ. ಅವರು ಅದನ್ನ ನೋಡಿದ್ರು. ಒಂದು ಕ್ಷಣ ಮಾತು ಮರತಂಗ ನಿಂತು, ಮತ್ತ ಸುರು ಮಾಡಿ, ತಮಗ ಸಾಕನಿಸಿದಾಗ ಮುಗಿಸಿದ್ರು. ಇಡೀ ಹಾಲ್ ಎದ್ದು ಚಪ್ಪಾಳಿ ಹೊಡೀತು.

ತೀರ್ಪಿನವರು ಒಳಗಿನ ಖೋಲಿಗೆ ಹೋದ್ರು, ಹೊರಗ ಚಹಾ ಸುರುವಾತು. ನಾ ಸೆರಗು ಸರಿ ಮಾಡಿಕೊಂಡು ಹಿಂದಿನ ಸಾಲಿನ್ಯಾಗ ಆಪಾನ ಬಾಜೂ ಹೋಗಿ ಕುಂತೆ. ಅಷ್ಟರಾಗ ಸರ್ ಬಂದು ನನ್ನ ಮುಂದ ಬಗ್ಗಿ, ಸಣ್ಣ ದನಿಲೆ, "ಮಾವನವರು ಮಾತು ಸುರು ಮಾಡೂಕಿಂತ ಮೊದಲ ಗಡಿಯಾರ ಒತ್ತಿಬಿಟ್ಟಿದ್ದೆ ಅಂತ ಅನ್ರಿ. ಅಲ್ಲಿಗೆ ಮುಗೀತು" ಅಂದ್ರು. ನನಗ ಮೊದಲ ತಿಳೀಲ ಇಲ್ಲ. ತಿಳದ ಮ್ಯಾಲ ಕಿವಿ ಬಿಸಿ ಆದ್ವು. ಯಾರ್ರಿ ಹೇಳಾಕತ್ತಿದ್ದು? ಜಬಾಬ್ದಾರಿ ಪುಸ್ತಕ ಓದಿದವರು! ಯಾರ ಇರಲಿ ಹೊರಗ ಅಂತ ಬಾಯಿಲೆ ಅಂದವರು! ಅವರೂ ಅಂಜಿದ್ರು, ಮಾರಿ ನೋಡಿದ್ರ ಗೊತ್ತಾಗತಿತ್ತು. "ಅವರು ಸಿಟ್ಟಾದ್ರ ಅರ್ಧ ಸಂಘ ನಾಳಿಂದ ಬರೂದಿಲ್ರಿ. ನಿಮ್ಮ ಬೀಗರು ಸಂಬಂಧಿಕರ ಅಲ್ರಿ ಎಲ್ಲಾರೂ. ಸಂಘ ಉಳೀಬೇಕಲ್ಲ" ಅಂದ್ರು.

ಸರ್ ಹೋದ್ರು. ಆಪಾಗ ಎಲ್ಲಾ ಕೇಳಿಸಿತ್ತು. ಅಕಿ ಚಹಾದ ಕಪ್ಪು ತೊಡಿ ಮ್ಯಾಲ ಇಟ್ಕೊಂಡು, ನನ್ನ ಕಡೆ ನೋಡದ, "ಅವರಂದಂಗ ಅನ್ನು. ನೀ ಅ… ಅದ ಮನಿಗೆ ಹೊಳ್ಳಿ ಹೋಗಬೇಕು" ಅಂದ್ಲು. ಅಕಿ ದನಿ ಆರಾಮ ಇತ್ತು. ಅದು ನನಗ ತಡಕೊಳ್ಳಾಕ ಆಗಲಿಲ್ಲ. ಅತ್ತಿದ್ರ ಸಮಾಧಾನ ಮಾಡಬಹುದಿತ್ತು, ಬೈದಿದ್ರ ಬೈಸ್ಕೊಳ್ಳಬಹುದಿತ್ತು. ಸಿಟ್ಟು ನೆತ್ತಿಗೇರಿತು, ಮಾವನ ಮ್ಯಾಲೋ, ಸರ್ ಮ್ಯಾಲೋ, ಈ ಆಪಾನ ಮ್ಯಾಲೋ ತಿಳೀಲಿಲ್ಲ. ಅಕಿ ಹೇಳಿದ್ದೂ ಖರೆ ಇತ್ತು. ಸಂಜಿಕ ಅದ ಕಾರಿನ ಹಿಂದಿನ ಸೀಟಿನ್ಯಾಗ ಕುಂತು ಮಾವನ ಜೋಡಿ ಕರೋಶಿಗೆ ಹೋಗಬೇಕು, ಹೋಗಿ ರೊಟ್ಟಿ ಬಡೀಬೇಕು. ನಾಳಿಂದ ಚಿಕ್ಕೋಡಿ ಬಂದ್ ಅಂದ್ರ ನನ್ನ ಪರವಾಗಿ ಯಾರು ಮಾತಾಡ್ತಾರ? ನಮ್ಮ ಯಜಮಾನ್ರು? ಅವರು ಅಪ್ಪನ ಮುಂದ ನನಗಿಂತ ಮೂಕರು.

ತೀರ್ಪಿನವರು ಹೊರಗ ಬಂದ್ರು. ಸರ್ ಮೈಕಿನ ಮುಂದ ನಿಂತು, "ಈಗ ಸಮಯಪಾಲಕರು ವರದಿ ಕೊಡ್ತಾರ" ಅಂದು, ನನ್ನ ಕಡೆ ನೋಡಿ ಕಣ್ಣಾಗ ಕೈ ಮುಗದ್ರು. ಮುಂದಿನ ಸೋಫಾದ ಮ್ಯಾಲ ಮಾವ ಬಂಗಾರದ ಅಂಗಡಿಯವರ ಜೋಡಿ ಮಾತಿನ್ಯಾಗ ಇದ್ರು, ಮಂದಿ ಬಂದು ಬಂದು ಕೈ ಕುಲಕಾಕತ್ತಿದ್ರು. ಯಾವಾಗಿನಂಗ ಚೀಟಿ ಓದ್ತಾರಂತ ಅವರು ತಿಳಕೊಂಡಿರಬೇಕು, ಹೊಳ್ಳಿ ಸುದ್ದಾ ನೋಡಲಿಲ್ಲ. ಅವರ ತಲಿ ಮ್ಯಾಲಿನ ಫೇಟಾ ಅಷ್ಟ ಕಾಣತಿತ್ತು ನನಗ.

ಎದ್ದೆ. ಒಂದು ಮಾತು ಸುಳ್ಳ ಹೇಳಿದ್ರ ಎಲ್ಲಾರೂ ಖುಷಿ, ಆಪಾ ಸುದ್ದಾ ಬೈಯೂದಿಲ್ಲ. ಬಾಯಿ ತೆಗದೆ.

"ಮೊದಲನೇ ಭಾಷಣಾ ಸಮಯದೊಳಗ ಮುಗದೈತಿ. ಎರಡನೇ ಭಾಷಣಾ ಸಮಯದೊಳಗ ಮುಗದೈತಿ. ಮೂರನೇ ಭಾಷಣಾ ಸಮಯ ಮೀರೈತಿ."

ಅಯ್ಯ ಶಿವನ, ಎಷ್ಟ ದೊಡ್ಡ ದನಿ! ಮೈಕಿಲ್ಲ ಏನಿಲ್ಲ, ಹಾಲಿನ ಆ ತುದಿಗೆ ಬಡದು ಹೊಳ್ಳಿ ಬಂತು. ನನ್ನ ದನಿ ಕೇಳಿ ನಾನ ಹೆದರಿದೆ. ಚಹಾದ ಕಪ್ಪಿನ ಸಪ್ಪಳ ನಿಂತು ಹೋತು. ಸರ್ ಕಣ್ಣು ಮುಚ್ಚಿಕೊಂಡ್ರು. ಆಪಾ ನನ್ನ ಸೀರಿ ಅಂಚು ಗಟ್ಟ್ಯಾಗಿ ಹಿಡದಿದ್ಲು. ನಾ ಮಾವನ ಫೇಟಾ ನೋಡಕೋತ ನಿಂತೆ. ಎದ್ದು ಬೈತಾರ ಅಂದ್ಕೊಂಡಿದ್ದೆ. ಶಾಲು ಝಾಡಿಸಿ ಹೊರಗ ಹೋಗ್ತಾರ ಅಂದ್ಕೊಂಡಿದ್ದೆ. ಎಲ್ಲಾರ ಮುಂದ, ನಡಿ ಮನಿಗೆ ಅಂತಾರ ಅಂದ್ಕೊಂಡಿದ್ದೆ. ಎಲ್ಲಾದಕ್ಕೂ ಗಟ್ಟಿ ಮನಸ್ಸು ಮಾಡಿದ್ದೆ.

ಮಾವ ಹೊಳ್ಳಿ ನೋಡಲಿಲ್ಲ. ಬಾಜೂದವರ ಕಡೆ ಬಗ್ಗಿ, ಅಷ್ಟ ಶಾಂತ ಇತ್ತಲ್ಲಾ ಹಾಲ್, ಎಲ್ಲಾರಿಗೂ ಕೇಳೂ ಹಂಗ ಕೇಳಿದ್ರು, "ಯಾರ್ರಿ ಅದು? ಯಾರ ಮನೀ ಹೆಣ್ಮಗಳು?"

ಬಂಗಾರದ ಅಂಗಡಿಯವರು, "ನಿಮ್ಮ ಸೊಸೀನ್ರಿ" ಅಂದ್ರು.

"ಛೆ ಛೆ," ಅಂದ್ರು ಮಾವ, "ಅಕಿ ದನಿ ಅಲ್ರಿ ಅದು."

ನನ್ನ ಮಗಳು ಅದ ಮನ್ಯಾಗ ಹುಟ್ಟಿ, ಈಗ ಸಾಲ್ಯಾಗ ಐದನೇ ಇಯತ್ತಾಕ್ಕ ಬಂದಾಳ. ಅಷ್ಟು ವರ್ಷ ಒಂದ ಸೂರಿನ ಕೆಳಗ, ಒಂದ ಹಿಟ್ಟಿನ ರೊಟ್ಟಿ ತಿಂದೇವಿ. ಬಂಗಾರದ ಅಂಗಡಿಯವರು ಕೈ ಮಾಡಿ ಹಿಂದ ತೋರಿಸಿದ್ರು. ಆಗ ಮಾವ ಸೋಫಾದಾಗ ಹೊಳ್ಳಿದ್ರು. ನಾ ಇನ್ನೂ ನಿಂತ ಇದ್ದೆ, ಕುಂಡರಾಕ ನೆನಪಾಗಿರಲಿಲ್ಲ.

ಸರ್ ಮೈಕಿನ್ಯಾಗ ಏನೋ ಅಂದ್ರು. ಆಪಾನ ಹೆಸರು ಕೂಗಿದ್ರು. ಬಾಜೂದಾಗಿನ ಹೆಣ್ಮಕ್ಕಳು ಅಕಿನ್ನ ಎಬ್ಬಿಸಿ ಮುಂದ ನೂಕಾಕತ್ತಿದ್ರು, ಮಂದಿ ಚಪ್ಪಾಳಿ ಹೊಡ್ಯಾಕತ್ತಿದ್ರು. ಅದು ಯಾವುದೂ ಮಾವಗ ಕೇಳಿಸಿದಂಗ ಕಾಣಲಿಲ್ಲ. ಅವರು ನನ್ನ ಮಾರಿನ ನೋಡಾಕತ್ತಿದ್ರು, ಬಸ್ ಸ್ಟ್ಯಾಂಡಿನಾಗ ಎದುರ ಬಂದವರನ್ನ ಎಲ್ಲೋ ನೋಡೇನಲ್ಲಾ, ಯಾರಿವರು ಅಂತ ನೋಡ್ತಾರಲ್ಲಾ, ಹಂಗ.